ಕತ್ತಲಲ್ಲಿ ಕಾಣೋ ಕನ್ನಡಕ: ಹದಿನೈದು ಸಾವಿರಕ್ಕೆ ಏನು ಸಿಗುತ್ತೆ, ಏನು ಸಿಗಲ್ಲ

ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಕ್ಯಾಬ್‌ನಲ್ಲಿ ಓದ್ಕೊಂಡು ಹೋಗ್ತೀವಿ ಅನ್ನೋರಿಗೋಸ್ಕರ ಈ ವಾರದ ಮಾತನ್ನ ಬರೆದು ಹಾಕ್ತಾ ಇದ್ದೀನಿ. ಮಾತಾಡುವಾಗ ಹಾರಿಸಿದ್ದ ಒಂದೆರಡು ಲೆಕ್ಕಗಳನ್ನೂ ಇಲ್ಲಿ ಸೇರಿಸಿದ್ದೀನಿ.

ವಿಷಯ ನೈಟ್ ವಿಷನ್. ಕಡಿಮೆ ದುಡ್ಡಲ್ಲಿ, ಮೊದಲ ಸಲ ಕೊಳ್ಳೋರು ಏನು ನೋಡ್ಬೇಕು ಅನ್ನೋದು. ಇದನ್ನ ನಾನು ಪುಸ್ತಕ ಓದಿ ಕಲಿತಿದ್ದಲ್ಲ, ದುಡ್ಡು ಕಳ್ಕೊಂಡು ಕಲಿತಿದ್ದು. ಅಲ್ಲಿಂದಲೇ ಶುರು ಮಾಡ್ತೀನಿ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಅಡಿಕೆ ತೋಟ, ಸ್ವಲ್ಪ ಗದ್ದೆ. ನಾನಿರೋದು ಪುಣೆಯಲ್ಲಿ. ಬೇಸಿಗೆ ಹತ್ತಿರ ಬಂದ ಹಾಗೆ ತೋಟಕ್ಕೆ ನೀರು ಬಿಡಬೇಕು, ತ್ರೀ ಫೇಸ್ ಕರೆಂಟ್ ಎಷ್ಟೋ ದಿನ ರಾತ್ರಿ ಪಾಳಿಯಲ್ಲೇ ಬರುತ್ತೆ. ಅಪ್ಪ ರಾತ್ರಿ ಒಂದು ಗಂಟೆಗೋ ಎರಡು ಗಂಟೆಗೋ ಎದ್ದು, ಕೈಯಲ್ಲೊಂದು ಟಾರ್ಚ್ ಹಿಡ್ಕೊಂಡು, ಪಂಪ್ ಹಾಕೋಕೆ ಹೊಳೆ ಬದಿಗೆ ಹೋಗ್ತಾರೆ. ದಾರಿಯಲ್ಲಿ ಹಂದಿ ಇರಬಹುದು, ಕಾಟಿ ಇರಬಹುದು. ಒಂದು ರಾತ್ರಿ ಹಾಗೇ ಹೋದಾಗ ಹತ್ತು ಮಾರು ದೂರದಲ್ಲಿ ಒಂದು ಕಾಟಿ ನಿಂತಿತ್ತಂತೆ. ಬೆಳಗ್ಗೆ ಫೋನಲ್ಲಿ ಅಮ್ಮ ಹೇಳಿದಾಗ ನನಗೆ ಇಡೀ ದಿನ ಸ್ಟ್ಯಾಂಡಪ್‌ನಲ್ಲಿ ಯಾರು ಏನು ಹೇಳಿದ್ರು ಅಂತಾನೇ ತಲೆಗೆ ಹೋಗ್ಲಿಲ್ಲ.

ದೂರದಲ್ಲಿರೋ ಮಕ್ಕಳು ಇಂಥ ಹೊತ್ತಲ್ಲಿ ಏನು ಮಾಡ್ತೀವಿ? ಆನ್‌ಲೈನ್‌ನಲ್ಲಿ ಏನಾದ್ರೂ ಕೊಳ್ತೀವಿ. ನಾನೂ ಡಿಸೆಂಬರ್ ಸೇಲ್‌ನಲ್ಲಿ 14,000 ರೂಪಾಯಿ ಕೊಟ್ಟು ಒಂದು ‘ನೈಟ್ ವಿಷನ್ ಗಾಗಲ್’ ತಗೊಂಡೆ. ಡಬ್ಬಿ ಮೇಲೆ 4ಕೆ ಅಂತ ಬರೆದಿತ್ತು, ಪೂರ್ತಿ ಕತ್ತಲಲ್ಲಿ 500 ಮೀಟರ್ ಕಾಣುತ್ತೆ ಅಂತಲೂ ಬರೆದಿತ್ತು. ಪುಣೆಯ ಅಪಾರ್ಟ್‌ಮೆಂಟ್ ಟೆರೇಸ್ ಮೇಲೆ ನಿಂತು ನೋಡಿದ್ರೆ ಅದ್ಭುತ. ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪನ ಕೈಗೆ ಕೊಟ್ಟೆ. ರಾತ್ರಿ ಮಂಜು ಬಿದ್ದಿತ್ತು. ಅಪ್ಪ ಕಣ್ಣಿಗೆ ಹಿಡಿದು ನಾಲ್ಕು ಹೆಜ್ಜೆ ಇಟ್ರು, ಕಾಲುವೆ ಅಂಚಲ್ಲಿ ಎಡವಿದ್ರು. ಆಮೇಲೆ ಅದನ್ನ ವಾಪಸ್ ನನ್ನ ಕೈಗೆ ಕೊಟ್ಟು, "ಬರೀ ಬಿಳಿ ಕಾಣ್ತದೆ ಮಾರಾಯ, ಆ ಟಾರ್ಚ್ ಕೊಡು" ಅಂದ್ರು.

ಅಪ್ಪ ಎಡವಿದ್ದು ಯಾಕೆ, ಬಿಳಿ ಕಂಡಿದ್ದು ಯಾಕೆ ಅನ್ನೋದು ಅರ್ಥ ಆದ್ರೆ ಏನು ಕೊಳ್ಬೇಕು ಅನ್ನೋದೂ ಅರ್ಥ ಆಗುತ್ತೆ.

ಒಂದು ಹೆಸರು, ಮೂರು ಮೆಷಿನ್

‘ನೈಟ್ ವಿಷನ್’ ಅನ್ನೋ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ಯಂತ್ರಗಳು ಮಾರಾಟ ಆಗ್ತವೆ.

ಒಂದು, ಇರೋ ಬೆಳಕನ್ನ ಹೆಚ್ಚಿಸಿ ತೋರಿಸೋ ಟ್ಯೂಬ್. ಸಿನಿಮಾದಲ್ಲಿ ಸೈನಿಕರ ಹೆಲ್ಮೆಟ್ ಮೇಲೆ ಕಾಣೋದು ಇದು.

ಎರಡು, ಡಿಜಿಟಲ್. ಇದು ಕ್ಯಾಮೆರಾ ಸೆನ್ಸರ್, ಕಣ್ಣಿಗೆ ಕಾಣದ ಒಂದು ಟಾರ್ಚ್, ಒಂದು ಚಿಕ್ಕ ಸ್ಕ್ರೀನ್ ಅಷ್ಟೇ. ಹತ್ತರಿಂದ ಇಪ್ಪತ್ತೈದು ಸಾವಿರದೊಳಗೆ ಸಿಗೋದು ಹೆಚ್ಚುಕಮ್ಮಿ ಎಲ್ಲಾ ಇದೇ.

ಮೂರು, ಥರ್ಮಲ್. ಇದಕ್ಕೆ ಬೆಳಕೇ ಬೇಡ. ವಸ್ತುಗಳಿಂದ ಹೊರಡೋ ಶಾಖವನ್ನ ನೋಡುತ್ತೆ.

ಇವು ಒಂದೇ ವಸ್ತುವಿನ ಅಗ್ಗದ ಮತ್ತು ದುಬಾರಿ ಮಾಡೆಲ್‌ಗಳಲ್ಲ. ಒಂದು ಮಾಡೋ ಕೆಲಸ ಇನ್ನೊಂದಕ್ಕೆ ಬರೋದಿಲ್ಲ. ಆದ್ರಿಂದ ‘ಯಾವುದು ಒಳ್ಳೇದು’ ಅಂತ ಕೇಳೋ ಮುಂಚೆ ‘ಕತ್ತಲಲ್ಲಿ ನಾನು ಏನು ಮಾಡ್ಬೇಕು’ ಅಂತ ಕೇಳ್ಕೋಬೇಕು. ನಡೀಬೇಕಾ? ಪ್ರಾಣಿ ಎಲ್ಲಿದೆ ಅಂತ ಪತ್ತೆ ಹಚ್ಚಬೇಕಾ? ಕೂತು ನೋಡಿ ರೆಕಾರ್ಡ್ ಮಾಡ್ಬೇಕಾ? ನಾನು ಈ ಪ್ರಶ್ನೆ ಕೇಳ್ಕೊಳ್ಳದೇ ದುಡ್ಡು ಕೊಟ್ಟಿದ್ದೆ.

ಡಿಜಿಟಲ್: ಟಿವಿ ರಿಮೋಟ್‌ನ ಅಣ್ಣ

ವಿಡಿಯೋದಲ್ಲಿ ತೋರಿಸಿದ ಪ್ರಯೋಗವನ್ನ ನೀವೂ ಮಾಡಿ ನೋಡಿ. ರೂಮಿನ ಲೈಟ್ ಆರಿಸಿ, ಟಿವಿ ರಿಮೋಟ್‌ನ ತುದಿಯನ್ನ ಫೋನಿನ ಸೆಲ್ಫಿ ಕ್ಯಾಮೆರಾಗೆ ತೋರಿಸಿ ಬಟನ್ ಒತ್ತಿ. ಬರಿಗಣ್ಣಿಗೆ ಏನೂ ಕಾಣಲ್ಲ, ಆದ್ರೆ ಎಷ್ಟೋ ಫೋನ್‌ಗಳ ಸ್ಕ್ರೀನ್ ಮೇಲೆ ರಿಮೋಟ್ ತುದಿ ಮಿಣಿಮಿಣಿ ಅನ್ನುತ್ತೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದೇ ಇರಬಹುದು, ಯಾಕಂದ್ರೆ ಅದರಲ್ಲಿ ಇನ್‌ಫ್ರಾರೆಡ್ ತಡೆಯೋ ಫಿಲ್ಟರ್ ಗಟ್ಟಿಯಾಗಿರುತ್ತೆ.

ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೊಮೀಟರ್ ತರಂಗಗಳನ್ನ ಮಾತ್ರ ನೋಡುತ್ತೆ. ಸಿಲಿಕಾನ್ ಸೆನ್ಸರ್ 1,000 ನ್ಯಾನೊಮೀಟರ್ ತನಕ ನೋಡಬಲ್ಲದು. ಡಿಜಿಟಲ್ ನೈಟ್ ವಿಷನ್‌ನಲ್ಲಿ ಆ ಫಿಲ್ಟರ್ ಅಡ್ಡ ಇರೋದಿಲ್ಲ, ಜೊತೆಗೆ ಒಂದು ಇನ್‌ಫ್ರಾರೆಡ್ ಎಲ್‌ಇಡಿ ಇರುತ್ತೆ. ಅಂದ್ರೆ ನೀವು ಟಾರ್ಚ್ ಹಾಕಿಯೇ ನೋಡ್ತಾ ಇದ್ದೀರಿ, ಆ ಟಾರ್ಚ್ ನಿಮ್ಮ ಬರಿಗಣ್ಣಿಗೆ ಕಾಣಲ್ಲ ಅಷ್ಟೇ. ಅಪಾರ್ಟ್‌ಮೆಂಟ್ ಗೇಟಿನ ಸಿಸಿಟಿವಿ ರಾತ್ರಿ ಕಪ್ಪು ಬಿಳುಪಾಗೋದೂ ಇದೇ ಕಾರಣಕ್ಕೆ.

ಎಲ್‌ಇಡಿಯಲ್ಲಿ ಎರಡು ಜಾತಿ. 850 ನ್ಯಾನೊಮೀಟರ್‌ನದು ಎದುರಿಂದ ನೋಡಿದ್ರೆ ಮಂಕಾಗಿ ಕೆಂಪು ಚುಕ್ಕಿ ಕಾಣುತ್ತೆ, ದೂರ ಹೋಗುತ್ತೆ. 940ರದು ಬಹುತೇಕ ಕಾಣೋದೇ ಇಲ್ಲ, ಆದ್ರೆ ಅಲ್ಲಿ ಸೆನ್ಸರ್‌ನ ಗ್ರಹಿಕೆ ಕಮ್ಮಿ ಆಗೋದ್ರಿಂದ ದೂರ ಕಾಣಲ್ಲ. ಪ್ರಾಣಿ ಬೆಚ್ಚಬಾರದು ಅನ್ನೋರಿಗೆ 940, ಉಳಿದೋರಿಗೆ 850. ಯಾವುದೇ ಆದ್ರೂ ಹತ್ತಿರದಿಂದ ಎಲ್‌ಇಡಿಯನ್ನ ದಿಟ್ಟಿಸಿ ನೋಡಬೇಡಿ, ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ. ಬೆಳಕು ಕಾಣದ ಕಾರಣ ಕಣ್ಣು ತಾನಾಗಿ ಮುಚ್ಚಿಕೊಳ್ಳೋದಿಲ್ಲ.

ಈಗ ಅಪ್ಪನ ಕಥೆಗೆ ಬರೋಣ. ಬಿಳಿ ಕಂಡಿದ್ದು ಯಾಕೆ? ಮಂಜಿನಲ್ಲಿ ಕಾರಿನ ಹೈಬೀಮ್ ಹಾಕಿದ್ರೆ ಏನಾಗುತ್ತೆ? ಬೆಳಕು ಮಂಜಿನ ಹನಿಗಳಿಗೆ ಬಡಿದು ವಾಪಸ್ ನಮ್ಮ ಕಣ್ಣಿಗೇ ಬರುತ್ತೆ. ಇಲ್ಲೂ ಅದೇ. ಎಲ್‌ಇಡಿ ಲೆನ್ಸ್‌ನ ಪಕ್ಕದಲ್ಲೇ ಇರೋದ್ರಿಂದ ಮಂಜು, ಮಳೆ, ಎದುರಿಗಿರೋ ಹುಲ್ಲು, ಬಾಳೆ ಎಲೆ, ಎಲ್ಲಾ ಬಿಳಿ ಪರದೆ ಆಗಿಬಿಡ್ತವೆ. ಮಲೆನಾಡಿಗೆ ಇದು ಸಣ್ಣ ತೊಂದರೆ ಅಲ್ಲ.

ಎಡವಿದ್ದು ಯಾಕೆ? ಇದಕ್ಕೆ ಮೂರು ಕಾರಣ. ಮೊದಲನೇದು, ಅಗ್ಗದ ‘ಗಾಗಲ್’ಗಳಲ್ಲಿ ಹೆಚ್ಚಿನವು ಅಸಲಿಗೆ ಬೈನಾಕ್ಯುಲರ್. ಅವುಗಳ ಲೆನ್ಸೇ ಮೂರು ಪಟ್ಟೋ ಅದಕ್ಕಿಂತ ಜಾಸ್ತಿಯೋ ದೊಡ್ಡದು ಮಾಡಿ ತೋರಿಸುತ್ತೆ. ನಡೆಯೋಕೆ ಬೇಕಾಗಿರೋದು ಒಂದು ಪಟ್ಟು, ಅಂದ್ರೆ ಬರಿಗಣ್ಣಿಗೆ ಕಂಡಷ್ಟೇ ಗಾತ್ರ. ಎರಡನೇದು, ಸೆನ್ಸರ್‌ನಿಂದ ಸ್ಕ್ರೀನ್‌ಗೆ ಚಿತ್ರ ಬರೋದರಲ್ಲಿ ಸ್ವಲ್ಪ ತಡ ಇರುತ್ತೆ, ತಲೆ ತಿರುಗಿಸಿದ ಮೇಲೆ ಚಿತ್ರ ತಿರುಗುತ್ತೆ. ಮೂರನೇದು, ಎರಡು ಕಣ್ಣಿಗೂ ಒಂದೇ ಕ್ಯಾಮೆರಾದ ಚಿತ್ರ ಆದ್ರಿಂದ ಹಳ್ಳ ಎಷ್ಟು ಆಳ, ಮೆಟ್ಟಿಲು ಎಷ್ಟು ದೂರ ಅಂತ ಅಂದಾಜು ಸಿಗಲ್ಲ. ಕೊನೆಗೆ ಅದನ್ನ ಕೆಳಗಿಳಿಸಿದಾಗ ಇನ್ನೊಂದು ಪೆಟ್ಟು. ಕಣ್ಣು ಕತ್ತಲೆಗೆ ಚೆನ್ನಾಗಿ ಹೊಂದಿಕೊಳ್ಳೋಕೆ 20ರಿಂದ 30 ನಿಮಿಷ ಬೇಕು. ಆ ಸ್ಕ್ರೀನ್‌ನ ಬೆಳಕು ಆ ಹೊಂದಾಣಿಕೆಯನ್ನ ಅಳಿಸಿಬಿಟ್ಟಿರುತ್ತೆ.

ಇನ್ನು ಆ 500 ಮೀಟರ್. ದೂರ ಎರಡರಷ್ಟಾದ್ರೆ ವಸ್ತುವಿನ ಮೇಲೆ ಬೀಳೋ ಬೆಳಕು ಕಾಲು ಭಾಗ ಆಗುತ್ತೆ. 50 ಮೀಟರ್‌ನಲ್ಲಿ ಚೆನ್ನಾಗಿ ಕಾಣೋ ಎಲ್‌ಇಡಿಯಿಂದ 200 ಮೀಟರ್‌ನಲ್ಲಿ ಬೀಳೋದು ಹದಿನಾರನೇ ಒಂದು ಭಾಗ, 500 ಮೀಟರ್‌ನಲ್ಲಿ ನೂರನೇ ಒಂದು ಭಾಗ. ನನ್ನ ಡಬ್ಬಿಯಲ್ಲಿ ಹಂದಿಯನ್ನ ಹಂದಿ ಅಂತ ಗುರುತಿಸೋಕೆ ಆಗಿದ್ದು 70-80 ಮೀಟರ್ ತನಕ, ಅದೂ ಮಂಜಿಲ್ಲದ ರಾತ್ರಿಯಲ್ಲಿ.

ಟ್ಯೂಬ್: ಸೊನ್ನೆಗೆ ಎಷ್ಟು ಗುಣಿಸಿದ್ರೂ ಸೊನ್ನೆ

ಟ್ಯೂಬ್ ಒಳಗೆ ಬೆಳಕಿನ ಕಣ ಒಂದು ಲೇಪನಕ್ಕೆ ಬಡಿದು ಎಲೆಕ್ಟ್ರಾನ್ ಹೊರಬೀಳುತ್ತೆ. ಹೆಚ್ಚು ವೋಲ್ಟೇಜ್ ಆ ಎಲೆಕ್ಟ್ರಾನನ್ನ ಮುಂದಕ್ಕೆ ಎಳೆದು, ಒಂದನ್ನ ಸಾವಿರಾರು ಮಾಡಿ, ಕೊನೆಗೆ ರಂಜಕದ ಪರದೆಗೆ ಬಡಿಸುತ್ತೆ. ಹಸಿರು ಚಿತ್ರ ಬರೋದು ಆ ಪರದೆಯಿಂದ. ಈಗ ಬಿಳಿ ಪರದೆಯವೂ ಇವೆ.

1960ರ ದಶಕದಲ್ಲಿ, ವಿಯೆಟ್ನಾಂ ಯುದ್ಧದ ಹೊತ್ತಿಗೆ ಬಳಕೆಗೆ ಬಂದಿದ್ದು ಮೊದಲ ತಲೆಮಾರು, ಜೆನ್ 1. ಎರಡನೇ ತಲೆಮಾರಲ್ಲಿ ಲಕ್ಷಾಂತರ ಸೂಕ್ಷ್ಮ ರಂಧ್ರಗಳಿರೋ ಗಾಜಿನ ತಟ್ಟೆ ಬಂತು, ಬೆಳಕಿನ ವೃದ್ಧಿ ಹತ್ತಾರು ಸಾವಿರ ಪಟ್ಟಾಯ್ತು. ಮೂರನೇ ತಲೆಮಾರಲ್ಲಿ ಲೇಪನ ಗ್ಯಾಲಿಯಂ ಆರ್ಸೆನೈಡ್‌ಗೆ ಬದಲಾಯ್ತು. ಇವುಗಳಲ್ಲಿ ಚಿತ್ರ ತಡ ಆಗಲ್ಲ, ಒಂದು ಪಟ್ಟು ಗಾತ್ರ, ಸುಮಾರು 40 ಡಿಗ್ರಿ ನೋಟ. ಕತ್ತಲಲ್ಲಿ ನಿಜವಾಗಿ ನಡೆಯೋಕೆ ಆಗೋದು ಇವುಗಳಲ್ಲೇ. ಆದ್ರೂ ಇವು ಇರೋ ಬೆಳಕನ್ನ ಹೆಚ್ಚಿಸ್ತವೆ ಅಷ್ಟೇ. ಹುಣ್ಣಿಮೆಯಲ್ಲಿ ಹೆಚ್ಚೆಂದ್ರೆ 0.3 ಲಕ್ಸ್ ಬೆಳಕು, ಚಂದ್ರನಿಲ್ಲದ ನಕ್ಷತ್ರದ ರಾತ್ರಿಯಲ್ಲಿ 0.001ರ ಹತ್ತಿರ. ಮೋಡ ಕವಿದ ಅಮಾವಾಸ್ಯೆಯಲ್ಲಿ ದಟ್ಟ ತೋಟದೊಳಗೆ ಹೋದ್ರೆ ಟ್ಯೂಬ್‌ಗೂ ಎಲ್‌ಇಡಿ ಸಹಾಯ ಬೇಕು.

ಬೆಲೆ? ಜೆನ್ 3ರ ಒಂಟಿಗಣ್ಣಿನದು ಅಮೆರಿಕದಲ್ಲೇ ಸುಮಾರು 3,000 ಡಾಲರ್‌ನಿಂದ ಮೇಲೆ. ಕಡಿಮೆ ಬಜೆಟ್ ಅಂತ ಹಳೇ ಜೆನ್ 1 ಕೊಳ್ಳೋ ಯೋಚನೆ ಬಂದ್ರೆ ಬೇಡ ಅಂತೀನಿ. ಅಂಚಲ್ಲಿ ಚಿತ್ರ ಬಾಗಿರುತ್ತೆ, ಎಲ್‌ಇಡಿ ಇಲ್ಲದೆ ಹೆಚ್ಚೇನೂ ಕಾಣಲ್ಲ, ಟ್ಯೂಬ್ ಎಷ್ಟು ಗಂಟೆ ಓಡಿದೆ ಅಂತ ಗೊತ್ತಾಗೋದಿಲ್ಲ, ಜೋರು ಬೆಳಕು ಬಿದ್ರೆ ಹಾಳಾಗುತ್ತೆ. ಅದೇ ದುಡ್ಡಿಗೆ ಈಗಿನ ಡಿಜಿಟಲ್ ಮೇಲು.

ನಮ್ಮಂಥೋರಿಗೆ ಒಂದು ಮುಖ್ಯ ಎಚ್ಚರಿಕೆ. ‘ಡಲ್ಲಾಸ್‌ನಲ್ಲಿರೋ ಫ್ರೆಂಡ್ ಬರ್ತಿದ್ದಾನೆ, ಸೂಟ್‌ಕೇಸ್‌ನಲ್ಲಿ ಒಂದು ತಂದ್ಕೊಡು ಅಂತೀನಿ’ ಅಂತ ದಯವಿಟ್ಟು ಮಾಡಬೇಡಿ. ಜೆನ್ 3 ಟ್ಯೂಬ್‌ಗಳು ಅಮೆರಿಕದ ರಕ್ಷಣಾ ರಫ್ತು ನಿಯಮಗಳ ಅಡಿ ಬರ್ತವೆ. ಲೈಸೆನ್ಸ್ ಇಲ್ಲದೆ ದೇಶದ ಹೊರಗೆ ಒಯ್ಯೋದು ಅಲ್ಲಿ ಗಂಭೀರ ಅಪರಾಧ. ಥರ್ಮಲ್ ಕ್ಯಾಮೆರಾಗಳಿಗೂ ಅಲ್ಲಿ ರಫ್ತು ನಿಯಂತ್ರಣ ಇದೆ. ನಿಮ್ಮ ಉಳಿತಾಯಕ್ಕೆ ಅವನ ವೀಸಾ, ನೌಕರಿ ಎರಡನ್ನೂ ಅಡ ಇಟ್ಟ ಹಾಗಾಗುತ್ತೆ. ಭಾರತದಲ್ಲಿ ಬಿಲ್ ಮತ್ತು ವಾರಂಟಿ ಕೊಡೋ ಅಂಗಡಿಯಿಂದಲೇ ತಗೊಳ್ಳಿ.

ಥರ್ಮಲ್: ಕಾಡುಹಂದಿ ಕಾಣುತ್ತೆ, ಹಾವು ಕಾಣದೇ ಹೋಗಬಹುದು

ಥರ್ಮಲ್ ನೋಡೋದು ಸುಮಾರು 8ರಿಂದ 14 ಮೈಕ್ರಾನ್ ತರಂಗಗಳನ್ನ. ಬಿಸಿ ಮೈಯ ಪ್ರಾಣಿ ತಂಪು ರಾತ್ರಿಯಲ್ಲಿ ದೀಪದ ಹಾಗೆ ಹೊಳೆಯುತ್ತೆ. ಇದರಲ್ಲಿ ಒಂದು ಸೊಗಸು ಇದೆ. ಟಾರ್ಚ್ ಹಾಕಿದಾಗ ಚಿರತೆ, ಜಿಂಕೆ, ದನದ ಕಣ್ಣು ಹೊಳೆಯೋದು ಅವುಗಳ ಕಣ್ಣಿನ ಹಿಂದೆ ಇರೋ ಪ್ರತಿಫಲಿಸೋ ಪದರದಿಂದ. ಹಂದಿಗೆ ಆ ಪದರ ಇಲ್ಲ. ಅದಕ್ಕೇ ಟಾರ್ಚಿಗೂ ಡಿಜಿಟಲ್‌ಗೂ ಹಂದಿ ತಪ್ಪಿಸ್ಕೊಳ್ಳುತ್ತೆ, ಥರ್ಮಲ್‌ನಲ್ಲಿ ಥಟ್ಟನೆ ಕಾಣುತ್ತೆ.

ದೂರದ ಲೆಕ್ಕ ನೀವೇ ಮಾಡ್ಬಹುದು. ಆರಂಭಿಕ ಮಾಡೆಲ್‌ಗಳಲ್ಲಿ ಸೆನ್ಸರ್ 256×192 ಪಿಕ್ಸೆಲ್, ಒಂದು ಪಿಕ್ಸೆಲ್ 12 ಮೈಕ್ರಾನ್ ಇರೋದು ಸಾಮಾನ್ಯ. ಲೆನ್ಸ್ 10 ಮಿಲಿಮೀಟರ್ ಅಂತ ಇಟ್ಕೊಳ್ಳಿ. 12 ಮೈಕ್ರಾನನ್ನ 10 ಮಿ.ಮೀ.ನಿಂದ ಭಾಗಿಸಿ, 100 ಮೀಟರ್‌ನಿಂದ ಗುಣಿಸಿ. 12 ಸೆಂಟಿಮೀಟರ್ ಬರುತ್ತೆ. ಅಂದ್ರೆ 100 ಮೀಟರ್ ದೂರದಲ್ಲಿ ಒಂದು ಪಿಕ್ಸೆಲ್ 12 ಸೆಂ.ಮೀ. ಜಾಗವನ್ನ ನೋಡುತ್ತೆ. 80 ಸೆಂ.ಮೀ. ಎತ್ತರದ ಹಂದಿಗೆ ಸಿಗೋದು ಆರೇಳು ಪಿಕ್ಸೆಲ್. 300 ಮೀಟರ್‌ನಲ್ಲಿ ಎರಡೇ ಎರಡು.

ಎಷ್ಟು ಪಿಕ್ಸೆಲ್ ಬೇಕು ಅನ್ನೋದಕ್ಕೂ ಒಂದು ಅಳತೆ ಇದೆ. 1958ರಲ್ಲಿ ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿ ಜಾನ್ ಜಾನ್ಸನ್ ಅನ್ನೋ ವಿಜ್ಞಾನಿ ಮಾಡಿದ್ದು. ‘ಅಲ್ಲೇನೋ ಇದೆ’ ಅನ್ನೋಕೆ ಸುಮಾರು 2 ಪಿಕ್ಸೆಲ್, ‘ಇದು ಇಂಥ ಜಾತಿಯ ವಸ್ತು’ ಅನ್ನೋಕೆ 8, ‘ಇದು ಇಂಥದ್ದೇ’ ಅನ್ನೋಕೆ 13ರ ಹತ್ತಿರ. ಜಾಹೀರಾತಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯೋ ದೂರ ಸಾಮಾನ್ಯವಾಗಿ ಆ 2 ಪಿಕ್ಸೆಲ್‌ನದು. ಅಲ್ಲಿ ಕಾಣೋದು ಬಿಳಿ ಚುಕ್ಕಿ. ಅದು ಹಂದಿಯೋ, ಪಕ್ಕದ ಮನೆಯ ಕರುವೋ, ಕೂತಿರೋ ಮನುಷ್ಯನೋ ಅಂತ ಹೇಳೋಕಾಗಲ್ಲ. ಈ ಮೇಲಿನ ಮಾಡೆಲ್‌ನಲ್ಲಿ ಹಂದಿ ಅಂತ ನಂಬಿಕೆಯಿಂದ ಹೇಳೋದು 70 ಮೀಟರ್ ಒಳಗೇನೇ.

ಥರ್ಮಲ್‌ನ ಮಿತಿಗಳೂ ಇವೆ. ಗಾಜಿನ ಕಿಟಕಿ ಆಚೆ ಏನೂ ಕಾಣಲ್ಲ. ಬೇಸಿಗೆಯ ಸಂಜೆ ನೆಲ, ಬಂಡೆ ಎಲ್ಲಾ ಮೈಯಷ್ಟೇ ಬಿಸಿ ಇದ್ರೆ ಚಿತ್ರ ಮಸುಕಾಗುತ್ತೆ. ಎಲ್ಲಕ್ಕಿಂತ ಮುಖ್ಯ, ಹಾವು ತಣ್ಣನೆ ರಕ್ತದ ಪ್ರಾಣಿ. ಅದರ ಮೈ ಸುತ್ತಲಿನ ನೆಲದಷ್ಟೇ ತಂಪಾಗಿದ್ರೆ ಥರ್ಮಲ್‌ಗೆ ಅದು ಇಲ್ಲವೇ ಇಲ್ಲ. ಬೇಲಿಯ ತಂತಿ, ಬಾವಿಯ ಅಂಚಿಗೂ ಇದೇ ಮಾತು. ಲಕ್ಷ ರೂಪಾಯಿ ಥರ್ಮಲ್ ಹಿಡ್ಕೊಂಡು ಬರಿಗಾಲಲ್ಲಿ ತೋಟಕ್ಕೆ ಹೋಗೋದು ಹಳೇ ಟಾರ್ಚ್ ಹಿಡ್ಕೊಂಡು ಹೋಗೋದಕ್ಕಿಂತ ಅಪಾಯ.

ಡಬ್ಬಿ ಮೇಲಿನ ಮಾತು ಓದೋದು ಹೇಗೆ

* 4ಕೆ ಅಂತಿದ್ರೆ ಸೆನ್ಸರ್‌ನ ನಿಜವಾದ ರೆಸಲ್ಯೂಶನ್ ಎಷ್ಟು ಅಂತ ಹುಡುಕಿ. ಎಷ್ಟೋ ಸಲ ಸಣ್ಣ ಚಿತ್ರವನ್ನ ಸಾಫ್ಟ್‌ವೇರ್‌ನಲ್ಲಿ ಹಿಗ್ಗಿಸಿ 4ಕೆ ಫೈಲ್ ಮಾಡಿರ್ತಾರೆ.
* ಡಿಜಿಟಲ್ ಝೂಮ್‌ನ ಅಂಕಿಯನ್ನ ಮರೆತುಬಿಡಿ, ಆಪ್ಟಿಕಲ್ ಎಷ್ಟು ಪಟ್ಟು ಅಂತ ಮಾತ್ರ ನೋಡಿ.
* ಎಲ್‌ಇಡಿ 850ರದೋ 940ರದೋ, ಅದರ ಬೆಳಕು ಹೆಚ್ಚು ಕಮ್ಮಿ ಮಾಡೋಕೆ ಆಗುತ್ತಾ ನೋಡಿ. ಹತ್ತಿರದ್ದನ್ನ ನೋಡೋವಾಗ ಕಮ್ಮಿ ಮಾಡೋಕೆ ಆಗ್ಲೇಬೇಕು.
* ಬಿಚ್ಚಿ ಬದಲಿಸೋ ಬ್ಯಾಟರಿ ಇದ್ರೆ ಒಳ್ಳೇದು. ವಿಮಾನದಲ್ಲಿ ಒಯ್ಯೋದಾದ್ರೆ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು.
* ನೀರು ತಡೆಯೋ ಐಪಿ ರೇಟಿಂಗ್ ಇಲ್ಲದ್ದು ಮಲೆನಾಡಿಗೂ ಕರಾವಳಿಗೂ ಬೇಡ.
* ವಾಪಸ್ ಕೊಡೋ ಅವಧಿ ಮುಗಿಯೋದರೊಳಗೆ, ನೀವು ಬಳಸೋ ಜಾಗದಲ್ಲೇ ಪರೀಕ್ಷೆ ಮಾಡಿ. ಊರ ತೋಟದ ಉತ್ತರವನ್ನ ಪುಣೆಯ ಟೆರೇಸ್ ಕೊಡೋದಿಲ್ಲ. ಸಿಟಿಯ ಆಕಾಶದಲ್ಲೇ ಎಷ್ಟೋ ಬೆಳಕು ಇರುತ್ತೆ.

ಹಾಗಾದ್ರೆ ಯಾರು ಏನು ಕೊಳ್ಬೇಕು

ಒಂದೇ ಜಾಗದಲ್ಲಿ ಕೂತು ಗೂಬೆ, ಬಾವಲಿ, ಪುನುಗುಬೆಕ್ಕು ನೋಡ್ಬೇಕು, ವಿಡಿಯೋ ಮಾಡ್ಬೇಕು ಅಂದ್ರೆ ಹತ್ತರಿಂದ ಹದಿನೈದು ಸಾವಿರದ ಡಿಜಿಟಲ್ ಸಾಕು, ಖುಷಿ ಕೊಡುತ್ತೆ. 

ಸಹ್ಯಾದ್ರಿಯಲ್ಲಿ ರಾತ್ರಿ ಟ್ರೆಕ್ ಅಂದ್ರೆ ನೈಟ್ ವಿಷನ್ ಬೇಡ. ಒಳ್ಳೇ ಹೆಡ್‌ಲ್ಯಾಂಪ್, ಬಿಡಿ ಬ್ಯಾಟರಿ ತಗೊಳ್ಳಿ. ಅಂಚಿನಲ್ಲಿ ನಡೆಯೋವಾಗ ಮೂರು ಪಟ್ಟು ದೊಡ್ಡದಾಗಿ, ತಡವಾಗಿ ಕಾಣೋ ಚಿತ್ರವನ್ನ ನಂಬಿ ಹೆಜ್ಜೆ ಇಡಬಾರದು.

ಗದ್ದೆ ಕಾಯೋ ಅಟ್ಟಣಿಗೆಯಿಂದಲೋ ಮನೆ ಜಗುಲಿಯಿಂದಲೋ ಪ್ರಾಣಿ ಬಂದಿದೆಯಾ ನೋಡ್ಬೇಕು ಅಂದ್ರೆ ಥರ್ಮಲ್ ಸರಿ. ಅರ್ಧ ಲಕ್ಷದ ಆಸುಪಾಸು ಅಥವಾ ಇನ್ನೂ ಮೇಲೆ ಆಗುತ್ತೆ, ನಾಲ್ಕು ಮನೆಯವರು ಸೇರಿ ಒಂದು ತಗೊಂಡ್ರೆ ಹೊರೆ ಅಲ್ಲ.

ಇದರ ಜೊತೆ ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ, ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಹೋಗೋದೂ ಅಪರಾಧ. ರಾತ್ರಿ ಕಾಡಂಚಿನಲ್ಲಿ ಇಂಥ ಸಾಮಾನು ಹಿಡ್ಕೊಂಡು ಓಡಾಡಿದ್ರೆ ಅರಣ್ಯ ಇಲಾಖೆಯವರು ನಿಲ್ಲಿಸಿ ಕೇಳೋದು ಸಹಜ. ನಿಮ್ಮ ಜಾಗದಲ್ಲಿ, ನೋಡೋಕೆ ಮಾತ್ರ ಬಳಸಿ.

ಅಪ್ಪನಿಗೆ ಕೊನೆಗೆ ಏನು ಕೊಟ್ಟೆ

ಅಪ್ಪನಿಗೆ ಬೇಕಾಗಿದ್ದು ಕತ್ತಲಲ್ಲಿ ನೋಡೋದಲ್ಲ, ಕತ್ತಲಲ್ಲಿ ಹೋಗದೇ ಇರೋದು. ಇದು ನನ್ನ ತಲೆಗೆ ಹೊಳೆಯೋಕೆ ಒಂದು ವರ್ಷ ಹಿಡೀತು.

ಮೊದಲು ಪಂಪ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದೆ. ಸಿಮ್ ಹಾಕೋ ಡಬ್ಬಿ, ಫೋನ್ ಮಾಡಿದ್ರೆ ಮೋಟರ್ ಆನ್ ಆಗುತ್ತೆ, ಕರೆಂಟ್ ಬಂದ್ರೆ ತಿಳಿಸುತ್ತೆ. ಆಮೇಲೆ ತೋಟದ ಅಂಚಿಗೆ ಸಿಮ್ ಹಾಕೋ ಒಂದು ಸೋಲಾರ್ ಕ್ಯಾಮೆರಾ. ಅದರಲ್ಲಿರೋದೂ ಇದೇ 850ರ ಎಲ್‌ಇಡಿ, ಇದೇ ಡಿಜಿಟಲ್ ನೈಟ್ ವಿಷನ್. ಕಣ್ಣಿಗೆ ಕಟ್ಟೋ ಬದಲು ಕಂಬಕ್ಕೆ ಕಟ್ಟಿದ್ದು ಅಷ್ಟೇ. ಸಿಗ್ನಲ್ ಇರೋ ಜಾಗ ಹುಡುಕೋಕೆ ಅರ್ಧ ದಿನ ತೋಟ ಸುತ್ತಿದೆ. ಪೈಪ್ ಒಡೆದು ಹೋಗ್ಲೇಬೇಕಾದ ರಾತ್ರಿಗೆ ಅಂತ ಒಂದು ಹೆಡ್‌ಲ್ಯಾಂಪ್, ಒಂದು ಜೊತೆ ಗಂಬೂಟ್. ಎಲ್ಲಾ ಸೇರಿ ಖರ್ಚು ಆ ಗಾಗಲ್‌ನ ಬೆಲೆಗಿಂತ ಒಂದೆರಡು ಸಾವಿರ ಜಾಸ್ತಿ ಬಂತು.

ಆನೆ ಓಡಾಡೋ ಹಾಸನ, ಕೊಡಗಿನ ಕಡೆಯೋರು ಇದಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆ ಮೊಬೈಲ್‌ಗೆ ಕಳಿಸೋ ಸಂದೇಶದ ಪಟ್ಟಿಯಲ್ಲಿ ಮನೆಯವರ ನಂಬರ್ ಸೇರಿಸಿ. ಆನೆ ಎದುರಿಗೆ ಬಂದ ಮೇಲೆ ಯಾವ ಕನ್ನಡಕವೂ ಪ್ರಯೋಜನಕ್ಕೆ ಬರಲ್ಲ.

ಆ 14,000ದ ಡಬ್ಬಿ ಈಗ ನನ್ನ ಹತ್ತಿರವೇ ಇದೆ. ವಾರಕ್ಕೊಂದು ಸಲ ಟೆರೇಸ್‌ಗೆ ಹೋಗಿ ಎದುರಿನ ಆಲದ ಮರದ ಬಾವಲಿಗಳನ್ನ ನೋಡ್ತೀನಿ. ಆ ಕೆಲಸಕ್ಕೆ ಅದು ನಿಜಕ್ಕೂ ಒಳ್ಳೇ ಸಾಮಾನು. ಅಪ್ಪ ಈಗ ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲೇ ಕೂತು ಫೋನ್ ಒತ್ತಿ ಮಲಗ್ತಾರೆ. ಬೆಳಗ್ಗೆ ಒಮ್ಮೊಮ್ಮೆ ಹಂದಿಯದೋ ಕಾಟಿಯದೋ ವಿಡಿಯೋ ವಾಟ್ಸಾಪ್‌ನಲ್ಲಿ ಬರುತ್ತೆ. ಕೆಳಗೆ ಅಪ್ಪನ ಒಂದು ಸಾಲು: "ನಿನ್ನೆ ಬಂದಿತ್ತು. ನಾನು ಹೋಗಿಲ್ಲ."

ಮನೆಯವರಿಗೋಸ್ಕರ ಇಂಥದ್ದೇನಾದ್ರೂ ಕೊಳ್ಳೋ ಯೋಚನೆ ಇದ್ರೆ ಮೊದಲು ಊರಿಗೆ ಒಂದು ಫೋನ್ ಮಾಡಿ, ರಾತ್ರಿ ಎಷ್ಟೊತ್ತಿಗೆ, ಎಲ್ಲಿಗೆ, ಯಾಕೆ ಹೋಗ್ತೀರಿ ಅಂತ ಕೇಳಿ. ಆಮೇಲೆ ಕಾರ್ಟ್‌ಗೆ ಹಾಕಿ. ಮುಂದಿನ ವಾರ ಸಿಗೋಣ.